ಗೆದ್ದಲಣ್ಣನ ಸೊಟ್ಟ ಎಲೆ

ಮರದ ಮಾತೆತ್ತಿದರೆ ಸಾಕು, ಆ ಅಂಗಡಿಯವನಿಗೆ ಗೆದ್ದಲು ನೆನಪಾಗುತ್ತದೆ. ಅದಕ್ಕೇ ಬೀದಿಯವರೆಲ್ಲ ಅವನನ್ನು ಗೆದ್ದಲಣ್ಣ ಎನ್ನುವುದು. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಅಚ್ಚಿನಲ್ಲಿ ತೆಗೆದ ಹೂಬಳ್ಳಿಯ ಪಟ್ಟಿಗಳು, ಬಾಗಿಲಿಗೆ, ಗೋಡೆಯಂಚಿಗೆ ಬಡಿಯುವಂಥವು, ಅವನ ಸರಕು. ಸಾವಿನ ಮನೆಗೆ ಹೋದರೂ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ, ಗೆದ್ದಲು ತಿಂದು ಟೊಳ್ಳಾಗಿದೆಯೇ ಎಂದು ಕಿವಿಗೊಡುತ್ತಾನೆ. “ರೀ, ಹೋದವರನ್ನ ನೋಡೋಕೆ ಬಂದಿರೋದು, ಬಾಗಿಲನ್ನಲ್ಲ,” ಎಂದು ಹೆಂಡತಿ ತೋಳು ಚಿವುಟಬೇಕು. ಅಂಗಡಿಯಲ್ಲಂತೂ ಪಟ್ಟಿಯನ್ನು ಬಕೆಟ್ಟಿನ ನೀರಿಗದ್ದಿ, ಬಿಲ್ಲಿನಂತೆ ಬಗ್ಗಿಸಿ, “ಗೆದ್ದಲು ಹಿಡಿಯಲ್ಲ, ಉಬ್ಬಲ್ಲ, ಬಿರಿಯಲ್ಲ, ನಮ್ಮ ಮಾವನ ಮನಸ್ಸಿನ ಹಾಗೆ ಗಳಿಗೆಗೊಮ್ಮೆ ತಿರುಗಲ್ಲ!” ಎನ್ನುತ್ತಾನೆ. ಗಿರಾಕಿ ಕೊಂಕು ತೆಗೆದರೆ ಮರುಮಾತಿಲ್ಲದೆ ಬೇರೆಯದನ್ನು ಕೊಡುವವನು, ಮೊನ್ನೆ ಮಾತ್ರ ಬಗ್ಗಲಿಲ್ಲ. “ಈ ಬಳ್ಳೀಲಿ ಒಂದೆಲೆ ಸೊಟ್ಟಗಿದೆಯಲ್ಲ, ಅಚ್ಚು ತಿದ್ದಿಸಬಾರದಾ?” ಎಂದು ಒಬ್ಬಾಕೆ ಕೇಳಿದಳು. “ಬೇಡಮ್ಮ. ನಮ್ಮಪ್ಪ ಕೆತ್ತಿದ ಕಡೇ ಪಟ್ಟಿಯಿಂದ ತೆಗೆದ ಅಚ್ಚು ಅದು. ಅವರ ಕೈ ಮೊದಲ ಸಲ ನಡುಗಿದ್ದು ಆ ಎಲೆ ಹತ್ತಿರಾನೇ. ಅದು ಹಾಗೇ ಇರ್ಲಿ,” ಎಂದ. ಹಿಂದಿನ ಕೋಣೆಯಲ್ಲಿ ಆ ಅಪ್ಪ ಕುಳಿತಿದ್ದ. ಮಗ ಮರ ಬಿಟ್ಟು ಮರದ ಹಿಟ್ಟು ಮಾರಹೊರಟನೆಂದು, ಅಂಗಡಿ ತೆರೆದಂದಿನಿಂದ ಅವನೊಡನೆ ಮಾತು ಬಿಟ್ಟಿದ್ದ ಮುದಿ ಬಡಗಿ. ಈಗ ಎದ್ದು ಬಂದು, ಪಟ್ಟಿಯ ಮೇಲೆ ನಡುಗುವ ಬೆರಳಾಡಿಸಿ, ಮಗನನ್ನು ಗದರಿದ: “ಉಳಿ ಮೊಂಡಾಗಿತ್ತು ಕಣೋ. ನನ್ನ ಕೈಯೆಲ್ಲಿ ನಡುಗಿತ್ತು?” ಮಗ ಬೇಕೆಂದೇ ಆ ಕೈಯತ್ತ ನೋಡಲಿಲ್ಲ. “ಹೌದಪ್ಪ, ಉಳೀದೇ ತಪ್ಪು,” ಎಂದು ಕುರ್ಚಿ ಎಳೆದು ಕೊಟ್ಟ.