ಮೊದಲ ಮೂಟೆಗೆ ಏನನ್ನಬೇಕು?

ಕಳೆದ ವಾರ ನಾನು ಬದುಕಿನ ಅತಿ ಸುಲಭದ ಕೆಲಸದಲ್ಲಿ ಫೇಲಾದೆ. ಒಂದರಿಂದ ನೂರರವರೆಗೆ ಕನ್ನಡದಲ್ಲಿ ಬರೆಯುವ ಕೆಲಸ!

ನಗಬೇಡಿ. ನಂಜನಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಈಗ ಮನೆಯಲ್ಲೇ ಕೂತು ಆ್ಯಪು, ಮಶೀನುಗಳ ಇಂಗ್ಲಿಷನ್ನು ಕನ್ನಡಕ್ಕೆ ತರುತ್ತೇನೆ. ಇಲ್ಲೇ ತಾಂಡ್ಯ ಕೈಗಾರಿಕಾ ಪ್ರದೇಶದ ಪುಟ್ಟ ಕಂಪನಿಯೊಂದರ ಇಂಜಿನಿಯರ್ ಶ್ವೇತಾ ಎಕ್ಸೆಲ್ ಶೀಟ್ ಕಳಿಸಿದ್ದಳು. ಒನ್, ಟೂ, ತ್ರೀ. ಅಷ್ಟೇ. ಯಾರಿಗೆ, ಎಲ್ಲಿ, ಯಾಕೆ? ಒಂದಕ್ಷರ ಇಲ್ಲ. (ನಾನೂ ಕೇಳಲಿಲ್ಲ ಬಿಡಿ. ಕಾಫಿ ಆರುವುದರೊಳಗೆ ಮುಗಿಸಿ ಬೀಗಿದೆ.)

ಮೂರನೇ ದಿನ ಶ್ವೇತಾಳ ಫೋನು. "ಮೇಡಂ, ಹೆಮ್ಮಿಗೇಲಿ ಮಶೀನ್ ವಾಪಸ್ ತಗೊಂಡೋಗಿ ಅಂತಿದ್ದಾರೆ. ನಾನು ಮಾಡಿದ ಮೊದಲನೇ ಮಶೀನ್ ಮೇಡಂ!" ಅಳುವುದೊಂದು ಬಾಕಿ. ಇಬ್ಬರೂ ಆ ಹಳ್ಳಿಗೆ ಓಡಿದೆವು.

ಹೋಗಿ ನೋಡಿದರೆ ಅದು ಮಾತಾಡುವ ತಕ್ಕಡಿ! ರೈತರ ಗೋದಾಮಿನಲ್ಲಿ ಭತ್ತದ ಮೂಟೆ ಇಟ್ಟಂತೆಲ್ಲ, ನಾನು ಬರೆದುಕೊಟ್ಟದ್ದನ್ನೇ ಓದಿ ಗಟ್ಟಿಯಾಗಿ ಎಣಿಸುತ್ತದೆ. ಸಾಕಮ್ಮ ಎಂಬ ರೈತ ಮಹಿಳೆ ತಮ್ಮ ಮೂಟೆ ಕೆಳಗಿಳಿಸಿ ಅದರ ಮೇಲೇ ಕೂತಿದ್ದರು. "ಕನ್ನಡ ಟೀಚರ್, ಬರೆದಿದ್ದು ಇವರೇ" ಎಂದು ಶ್ವೇತಾ ನನ್ನನ್ನು ಮುಂದೆ ತಳ್ಳಿದಳು.

"ಏನಾಯ್ತಮ್ಮ?" ಎಂದೆ.

"ಇನ್ನೇನಾಗ್ಬೇಕು ಟೀಚ್ರಮ್ಮ? ಮೊದಲ್ನೇ ಮೂಟೆಗೆ 'ಒಂದು' ಅಂತದೆ! ನಮ್ಮಪ್ಪ ಭತ್ತ ಅಳೀವಾಗ 'ಲಾಭ' ಅಂತ್ಲೇ ಸುರು ಮಾಡ್ತಿದ್ದ. ಆಮೇಲೆ ಎರಡು, ಮೂರು. ಇದು ಬಾಯ್ಬಿಟ್ಟ ಏಟ್ಗೇ ಲಾಭ ನುಂಗ್ತದಲ್ಲ, ನಾನಂತೂ ಇಡಾಕಿಲ್ಲ."

ನಾಚಿಕೆಯಾಯಿತು ಕಣ್ರೀ. ನಮ್ಮಜ್ಜಿ ಸೇರಿನಲ್ಲಿ ಅಕ್ಕಿ ಅಳೆಯುವಾಗ 'ಲಾಭ' ಎಂದೇ ಎಣಿಕೆ ಶುರು ಮಾಡುತ್ತಿದ್ದದ್ದನ್ನು ನೂರು ಸಲ ಕೇಳಿದ್ದೇನೆ. ಇದು ತಕ್ಕಡಿಗೆ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು!

ಶ್ವೇತಾ ಅಲ್ಲೇ ಲ್ಯಾಪ್‌ಟಾಪ್ ತೆರೆದಳು. 'ಒಂದು' ಅಳಿಸಿ 'ಲಾಭ' ಎಂದು ಬರೆದೆ. ಸಾಕಮ್ಮ ಅನುಮಾನದಿಂದಲೇ ಮೂಟೆ ಎತ್ತಿಟ್ಟರು.

"ಲಾಭ!" ಎಂದು ಗೋದಾಮಿಗೆಲ್ಲ ಕೇಳುವಂತೆ ಕೂಗಿತು ತಕ್ಕಡಿ.

"ಅಂಗೆ ಬಾ ದಾರಿಗೆ!" ಎಂದು ಸಾಕಮ್ಮ ಅದರ ಬೆನ್ನು ತಟ್ಟಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಮಶೀನು ಉಳಿಯಿತು. ಶ್ವೇತಾ ಕುಣಿದೇಬಿಟ್ಟಳು. ನಾನೂ (ಮಂಡಿನೋವು ಮರೆತು) ಎರಡು ಹೆಜ್ಜೆ ಹಾಕಿದೆ.

ನಿನ್ನೆ ಬೇರೊಂದು ಕಂಪನಿಯ ಶೀಟ್ ಬಂತು. ಮುನ್ನೂರು ಸಾಲು, ಎರಡೇ ಕಾಲಂ: ಇಂಗ್ಲಿಷ್, ಕನ್ನಡ. ಯಾರಿಗೆ, ಎಲ್ಲಿ, ಯಾಕೆ ಎಂಬುದು ಇದರಲ್ಲೂ ಇಲ್ಲ. ಸಾಫ್ಟ್‌ವೇರ್ ಮಾಡುವ ಮಹಾಶಯರೇ, ಅದರಲ್ಲಿ ಸಾಕಮ್ಮನಿಗೂ ಒಂದು ಕಾಲಂ ಬೇಡವೇನ್ರೀ?