ಕುಂಕುಮ ಹಚ್ಚಿದ ತತ್ತಿಗಳು

ಸುರಪುರದ ನಮ್ಮ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಲ್ಯಾಣಮ್ಮ ಯಾರನ್ನೂ ನಂಬಿದವಳಲ್ಲ. ನಾನು ಹಳೆಯ ಗಿರಾಕಿ, ಆದರೂ ನನ್ನ ನೋಟನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ. ಗಂಡ ತೀರಿದ ಮೇಲೆ ಮಗ, ಮಗಳು ಇಬ್ಬರನ್ನೂ ದಡ ಮುಟ್ಟಿಸಿದ್ದು ಈ ಗುಮಾನಿಯೇ ಎಂಬುದು ಅವಳ ಲೆಕ್ಕ. ಇರಬಹುದು. ಆದರೆ ಅದು ಸೊಸೆ ಶಾಂಭವಿಯ ಮೇಲೆ ತಿರುಗಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಾಂಭವಿ ಮದುವೆಯಾಗಿ ಬಂದು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಕಲಬುರಗಿ, ರಾಯಚೂರು ಎಂದು ದವಾಖಾನೆ ಸುತ್ತಿಸಿದ್ದು ಅವಳೊಬ್ಬಳನ್ನೇ. ಗಂಡನನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರೆ, "ನನ್ನ ಮಗಗ ಏನಾಗ್ಯದ್ರಿ?" ಎಂದು ಕಲ್ಯಾಣಮ್ಮ ಎದ್ದು ಬಂದಿದ್ದಳು.

ಹೆಂಡತಿಗೆ ಹೊತ್ತು ಹೋಗಲೆಂದು ಮಗ ಮಹೇಶಕುಮಾರ ಯಾದಗಿರಿಯಿಂದ ಒಂದು ಜೋಡಿ ಲವ್ ಬರ್ಡ್ಸ್ ತಂದ. ಹಸಿರು ಮೈ, ಕೆಂಪು ಮುಖ, ಎರಡೂ ಒಂದೇ ಥರ. ದಪ್ಪಗಿದ್ದು ಕಚ್ಚಲು ಬರುವುದನ್ನು ಕಲ್ಯಾಣಮ್ಮ ಗಂಡೆಂದು ತೀರ್ಮಾನಿಸಿದಳು. "ಅದರ ಗತ್ತ ನೋಡ್ರಿ," ಎಂದಳು. ಅವಳ ತೀರ್ಪಿನ ಮೇಲೆ ಅಪೀಲಿಲ್ಲ.

ಪಂಜರದ ಮಡಕೆಯಲ್ಲಿ ತತ್ತಿಗಳು ಕಂಡವು. ತತ್ತಿ ಎಂದೂ ಹೊಸ್ತಿಲು ದಾಟದ ಲಿಂಗಾಯತರ ಮನೆ. ಆದರೂ ಒಳ್ಳೆಯ ಶಕುನವೆಂದು ಅವಳು ಹಿಗ್ಗಿದಳು. ಹಕ್ಕಿಗಳೆರಡೂ ಕಾವಿಗೆ ಕೂತವು. ಮರಿಯಾಗಲಿಲ್ಲ. ಮತ್ತೆ ಇಟ್ಟವು, ಮತ್ತೆ ಹುಸಿ.

"ಇಕಿ ದಿನಾ ಮಡಕಿ ಇಣಕತಾಳ. ಇಕಿ ಕಣ್ಣ ಬಿದ್ದದ," ಎಂದಳು ಕಲ್ಯಾಣಮ್ಮ, ಸೊಸೆಗೆ ಕೇಳಲೆಂದೇ.

ಮಾತು ಪಂಜರಕ್ಕೆ ನಿಲ್ಲಲಿಲ್ಲ. ಬಸುರಿ ಮಗಳು ಸುಮಲತಾಳ ಕುಬಸ, ಅಂದರೆ ಸೀಮಂತ, ಬರುವ ಶುಕ್ರವಾರವಿತ್ತು. ನಾದಿನಿಯ ಉಡಿ ತುಂಬಲು ಶಾಂಭವಿ ಆಸೆಯಿಂದ ಇಳಕಲ್ ಸೀರೆ ಆರಿಸಿ ತಂದಿದ್ದಳು. "ನೀ ಅವತ್ತ ಅಡಗಿಮನ್ಯಾಗ ಇರು. ಉಡಿ ಬ್ಯಾರೆಯವ್ರು ತುಂಬ್ತಾರ," ಎಂದುಬಿಟ್ಟಳು ಅತ್ತೆ. ಮಹೇಶಕುಮಾರ ಅಲ್ಲೇ ಕೂತಿದ್ದ. ಮೊಬೈಲಿನಿಂದ ತಲೆ ಎತ್ತಲಿಲ್ಲ.

ಹಕ್ಕಿಗಳು ಮೂರನೆಯ ಸಲ ತತ್ತಿ ಇಡತೊಡಗಿದಾಗ, ಸೊಸೆ ಏನೋ ಕೈಚಳಕ ಮಾಡುತ್ತಾಳೆಂದು ಕಲ್ಯಾಣಮ್ಮನಿಗೆ ಅನುಮಾನ ಬಂತು. ತತ್ತಿ ಮುಟ್ಟುವಂತಿಲ್ಲವಲ್ಲ, ಬೆಂಕಿಕಡ್ಡಿಯ ತುದಿಗೆ ಕುಂಕುಮ ಹಚ್ಚಿ ದಿನಾ ಸಂಜೆ ಗುರುತು ಹಾಕಿದಳು. ಒಂದು ಬೆಳಿಗ್ಗೆ ನೋಡಿದರೆ ಗುರುತಿಲ್ಲದ ತತ್ತಿ ಎರಡು!

"ಒಂದ ಹಕ್ಕಿ ಒಂದ ರಾತ್ರಿಗಿ ಎರಡ ತತ್ತಿ ಇಡೂದಿಲ್ಲ. ಒಂದ ಹಕ್ಕೀದು, ಇನ್ನೊಂದ ನೀ ಇಟ್ಟೀದಿ. ಎಲ್ಲಿಂದ ತಂದಿ ಹೇಳು!" ಎಂದು ಕೂಗಿದಳು. ಸಕ್ಕರೆಗೆಂದು ಹೋದ ನಾನು ಅಂಗಡಿಯಲ್ಲೇ ನಿಂತುಬಿಟ್ಟೆ.

ಶಾಂಭವಿ ಅಳಲಿಲ್ಲ. "ಎರಡೂ ಹಕ್ಕಿ ಒಂದೊಂದ ಇಟ್ಟಿದ್ರ, ಅತ್ತಿ? ಎರಡೂ ಕಾಗದ ಹರದ ಪುಕ್ಕದಾಗ ಸಿಗಿಸ್ಕೊಂಡ ಮಡಕ್ಯಾಗ ಒಯ್ತಾವ. ಅದು ಹೆಣ್ಣಿನ ಕೆಲಸ. ದಿನಾ ನೋಡೀನಿ."

ಕಲ್ಯಾಣಮ್ಮ ನಂಬುತ್ತಾಳೆಯೇ? ಹಕ್ಕಿ ಸಾಕುವ ಇಸ್ಮಾಯಿಲಸಾಬರನ್ನು ಕರೆಸಿದಳು. ಅವರು ಹಕ್ಕಿಗಳನ್ನು ಅರಿವೆಯಲ್ಲಿ ಹಿಡಿದು, ಹೊಟ್ಟೆಯ ಕೆಳಗಿನ ಎಲುಬುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಎರಡಕ್ಕೂ ಎಲುಬಿನ ನಡುವ ಬೆರಳ ಹಿಡಿಸೂವಷ್ಟ ಜಾಗ ಅದ. ಎರಡೂ ಹೆಣ್ಣೇ ಅದಾವ್ರಿ ಅಮ್ಮಾ. ಗಂಡ ಸಿಗಲಿಲ್ಲಂದ್ರ ಹೆಣ್ಣ ಹೆಣ್ಣೇ ಜೋಡಿ ಆಗಿ ಕಾವಿಗಿ ಕುಂದರ್ತಾವ. ವರ್ಷ ಕುಂತರೂ ಮರಿ ಆಗಂಗಿಲ್ಲ. ಇದರಾಗ ಯಾರ ಕಣ್ಣಿಂದೂ ತಪ್ಪಿಲ್ಲ," ಎಂದು ಹೇಳಿ ಹೊರಟರು.

ಕಲ್ಯಾಣಮ್ಮ ಮಗನ ಕಡೆ ತಿರುಗಿದಳು.

"ನೀ ಒಮ್ಮ್ಯಾರ ಡಾಕ್ಟರಿಗಿ ತೋರಿಸ್ಕೊಂಡೀ ಏನೋ?"

ಮಹೇಶಕುಮಾರ ಚಪ್ಪಲಿ ಹುಡುಕತೊಡಗಿದ. ಸುಳ್ಳು ಹೇಳುವ ಮುಖ ಹೇಗಿರುತ್ತದೆಂದು ಕಲ್ಯಾಣಮ್ಮನಿಗೆ ಯಾರೂ ಕಲಿಸಬೇಕಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಹೋದ ವರ್ಷ ತೋರಿಸೀನವ್ವಾ. ದೋಷ ನಂದೇ ಅದ ಅಂದ್ರು. ಹೇಳಾಕ ಬಾಯಿ ಬರಲಿಲ್ಲ."

ಕಲ್ಯಾಣಮ್ಮ ಅಕ್ಕಿ ಚೀಲದ ಮೇಲೆ ಕೂತಳು. "ಶುಕ್ರವಾರ ಮೊದಲ ಉಡಿ ನೀನೇ ತುಂಬವಾ," ಎಂದಳು ಸೊಸೆಗೆ. ಅಂಥ ಮೆತ್ತಗಿನ ದನಿಯನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಶಾಂಭವಿ ನೋಡಿದ್ದು ಗಂಡನನ್ನು. "ಮೊನ್ನಿ ದೀಪಾವಳಿ ಮುಂದ ನನಗ ಸೂಜಿ ಹಾಕಿಸಾಕ ರಾಯಚೂರಿಗಿ ಕರ್ಕೊಂಡ ಹೋಗಿದ್ರಲ್ರಿ. ಅವಾಗ ನಿಮಗ ಗೊತ್ತಿತ್ತು."



ಗುರುವಾರ ಶಾಂಭವಿ ಇಳಕಲ್ ಸೀರೆಯನ್ನು ಕುಬಸಕ್ಕೆ ಬಂದಿದ್ದ ಸುಮಲತಾಳ ಕೈಗೆ ತಾನೇ ಕೊಟ್ಟು, ಶಹಾಪುರದ ಬಸ್ಸು ಹತ್ತಿ ತವರಿಗೆ ಹೋದಳು. ಕಲ್ಯಾಣಮ್ಮ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹೋಗಿದ್ದಳು.

"ಬರ್ತಾಳೇನ್ರಿ?" ಎಂದು ನನ್ನನ್ನು ಕೇಳಿದಳು.

ಗೊತ್ತಿಲ್ಲ ಎಂದೆ.