ಮಗ್ಗಕ್ಕ ಸಿಕ್ಕ ಹೊಟ್ಟಿ

ರಬಕವ್ಯಾಗ ನಮ್ಮ ಕಾಕಾ ಹಳೇ ಕೈಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಾಂವ ಏಳಾಕ ಬರದ ಒದ್ದಾಡಾಕತ್ತಿದ್ದ. ಹೊಟ್ಟಿ, ನೇದ ಸೀರಿ ಸುತ್ತೂ ಮಗ್ಗದ ಕಟಗಿಗೆ ಸಿಕ್ಕೊಂಡಿತ್ತು.

ಕಾಕಾ ಒಂದ ಹನಿ ಸೆರೆ ಕುಡದಾಂವಲ್ಲ. ಆದ್ರೂ ಅವತ್ತ ಮುಂಜಾನಿ ಡಾಕ್ಟರು, "ಲಿವರ್‌ದಾಗ ಕೊಬ್ಬು ತುಂಬೇತ್ರಿ. ಹಿಂಗ ಸಿಹಿ ತಿಂದು ಕುಂತಲ್ಲೇ ಕುಂತ್ರ ಮುಂದ ಕ್ಯಾನ್ಸರ್ ಆಗೂ ಭಯ ಹೆಚ್ಚು" ಅಂದಿದ್ರು. ಹೆದರಿದ ಕಾಕಾ ಪವರ್‌ಲೂಮ್ ಬಂದ್ ಮಾಡಿ, ಕಾಲಿಲೆ ತುಳಿಯೂ ಮಗ್ಗಕ್ಕ ಇಳದಿದ್ದ.

"ಏನ್ರೀ, ಆ ಕಟಗಿಗೆ ಸೀರಿ ಸುತ್ತತೀರೋ, ಹೊಟ್ಟಿ ಸುತ್ತತೀರೋ?" ಅಂದ್ಲು ಕಾಕು.

ನಾ ರಟ್ಟಿ ಹಿಡದು ಎಳದೆ. ಕಾಕಾ ಮ್ಯಾಲ ಬಂದ ಸಪ್ಪಳಕ್ಕ ಇಡೀ ಓಣಿ ನಡಗಿತು. ಆದ್ರ ಅವಗಿಂತ ನನಗ ಹೆಚ್ಚು ದಮ್ಮು ಹತ್ತಿತ್ತು.

ಈಗ ದಿನಾ ಇಬ್ಬರೂ ಹೊಳಿತನಕ ನಡೀತೇವಿ. ಜಿಲೇಬಿ ಅಂಗಡಿ ಮುಂದ ಒಬ್ಬರ ಕೈ ಒಬ್ಬರು ಗಟ್ಟಿ ಹಿಡಕೊಂಡು ದಾಟತೇವಿ. ಅಂಗಡ್ಯಾಂವ ಅದನ್ನ ಪ್ರೀತಿ ಅಂತ ತಿಳಕೊಂಡಾನ.